ಒಂದಾಣೆ ಕಡಿಮಿ

ಬೆಟಗೇರಿಯ ನಾಗೂಸಾ ಬಾಂಡಗೆ
ಹಳೇ ಪೇಪರಿನ್ಯಾಗ ಸುತ್ತಿ ತಂದಿದ್ದ
ಅಂಗೈ ಅಗಲದ ಒಂದು ಸೆರಗಿನ ತುಂಡು.
‘ಇದನ್ನ ಹಾಳಿ ಮ್ಯಾಲ ತಗದ ಕೊಡು ನೀಲವ್ವ,
ಆರು ಪ್ರತಿ. ಪುಣೆದ ಸಾಹುಕಾರಗ ಕಳಸೂದೈತಿ.
ಕೆಂಪು ಮಾತ್ರ ಇದ ಬರಬೇಕು.’

ಇದ ಬರಬೇಕು!
ಈ ಮಾತು ಕಿವಿಗೆ ಬಿದ್ದರ ಸಾಕು
ನನ್ನ ಪ್ರಿಂಟರಿಗೆ ಚಳಿಜ್ವರ.

ಅವನ ಮಗಳು ಮಗ್ಗದ ಮನಿಯ ಟ್ಯೂಬಲೈಟಿನ್ಯಾಗ ತಗದ ಫೋಟೋ,
ವಾಟ್ಸಾಪಿನ್ಯಾಗ ಹಾದು ಬರೂದ್ರಾಗ ಸೊರಗಿ ಅರ್ಧ ಆಗಿತ್ತು.
ಹಿಗ್ಗಿಸಿ ಒತ್ತಿದೆ.
ಇಟ್ಟಂಗಿ ಬಂತು.
‘ನಾ ಸೀರಿ ನೇಯ್ದೇನವ್ವಾ, ಭಟ್ಟಿ ಹಚ್ಚಿಲ್ಲ.’

ಆತು ಅಂತ ಮೂತಿ ತಪಾಸಣಿ ಮಾಡಿದೆ.
ನೀಲಿ ಗೆರಿ ನೆಟ್ಟಗ, ಹಳದಿ ನೆಟ್ಟಗ, ಕರಿ ನೆಟ್ಟಗ,
ಗುಲಾಬಿ ಗೆರಿ ಮಾತ್ರ ನಡುನಡುವ ತುಂಡು ತುಂಡು.
ನಾ ಬಾಯಿ ತೆರಿಯೂಕಿಂತ ಮೊದಲ ಅವನ ಅಂದ,
‘ಎಳಿ ಕಡದಾವಲಾ.’
ಎರಡು ಸಲ ತೊಳಸಿದೆ ಯಂತ್ರದ ಮೂಗು.
ಅದು ಗುಟುಗುಟು ಮಸಿ ಕುಡೀತು, ಎಳಿ ಕೂಡಿದವು.

ತುಂಡು ಹಿಡಕೊಂಡು ಹೊರಗ ಬಂದ್ವಿ.
ಬಿಸಲಲ್ಲ, ನೆರಳು. ಅಂಗಡಿ ಮೆಟ್ಟಿಲ ಮ್ಯಾಲ ಹಾಸಿ
ಬಾಜೂಕ ಒಂದು ಖಾಲಿ ಹಾಳಿ ಇಟ್ಟೆ:
ಬಿಳಿ ಬಿಳಿಯಾಗಿ ಕಂಡರಷ್ಟ ಕೆಂಪು ಖರೇ ಹೇಳತೈತಿ.
ಈ ಸಲ ಫೋಟೋ ವೈರಿನ್ಯಾಗ ಇಳಸಿದೆ, ಸೊರಗಲಿಲ್ಲ.
‘ಇಂಚಿಗೆ ಮುನ್ನೂರು ಚುಕ್ಕಿ’ ಅಂದೆ ಜಂಬದಿಂದ.
‘ನಮ್ಮವು ಅರವತ್ತು ಎಳಿ, ಮೂವತ್ತು ವರ್ಷದಿಂದ ಕೂತಾವ’ ಅಂದ.

ಗಡಿಬಿಡಿಯೊಳಗ ಹೊಳಪು ಹಾಳಿಯ ಬೆನ್ನಿಗೆ ಒತ್ತಿಬಿಟ್ಟೆ.
ಮಸಿ ಕೂಡ್ರಲಿಲ್ಲ, ಬೆವತ ಹಣಿಯಂಗ ಹನಿ ಹನಿ.
ಆಗ ಅಪ್ಪ ನೆಪ್ಪಾದ,
ಟಾಂಗಾಕೂಟದ ಪ್ರೆಸ್ಸಿನ್ಯಾಗ ಟ್ರೆಡಲ್ ತುಳಿದಂವ.
ಬೆರಳು ನಾಲಿಗಿಗೆ ಮುಟ್ಟಿಸಿ ಹಾಳಿಯ ಮೂಲಿ ಹಿಡೀತಿದ್ದ:
‘ಅಂಟಿದ ಮೈ ಮಸಿದು, ಜಾರಿದ ಮೈ ಗಾಳಿದು.’
ನಾಲ್ಕು ಸಾವಿರದ ಯಂತ್ರದ ಮುಂದ ನಿಂತು
ಬೆರಳು ಒದ್ದಿ ಮಾಡಿಕೊಂಡೆ.

ಮತ್ತ ಒತ್ತಿದೆ. ಮಂಕು.
ಪರದೆ ಮ್ಯಾಲ ಉರೀತಿದ್ದದ್ದು ಹಾಳಿ ಮ್ಯಾಲ ಬೂದಿ.
ನಾಗೂಸಾ ಎರಡನೂ ನೋಡಿ ನೋಡಿ ಕೇಳಿದ, ಹಿಂಗ್ಯಾಕ?
ಪರದೆಗೆ ಬೆನ್ನ ಹಿಂದ ದೀಪ ಐತಿ, ಕಾಕಾ.
ಹಾಳಿಗೆ ಏನೂ ಇಲ್ಲ.
ಕಿಡಕಿಯದೋ ಬಲ್ಬಿನದೋ
ಕಡಾ ತಂದ ಬೆಳಕಿನ್ಯಾಗ ಅದು ಕಾಣಬೇಕು.
ಪರದೆಯ ಬೆಳಕು ಅರ್ಧಕ್ಕ ಇಳಿಸಿದೆ,
ಆ ಬಡತನದಾಗ ಕುಂತು ಬಣ್ಣ ತಿದ್ದಿದೆ:
ಗುಲಾಬಿ ಒಂದು ಚಿಟಿಕಿ, ಹಳದಿ ಅರ್ಧ,
‘ನೀಲಿ ತಗಿ ನೀಲವ್ವ’ ಅಂತ ಅವನ ನಗಿ.
ದಪ್ಪ ಹಾಳಿ ಅಂತ ಯಂತ್ರಕ್ಕ ಹೇಳಿದೆ, ಸಾವಕಾಶ ಅಂತ ಹೇಳಿದೆ.
ಅದು ಸಾವಕಾಶ ಉಗುಳತೊಡಗಿತು,
ಅಂಚಿನ ರುದ್ರಾಕ್ಷಿ ಒಂದೊಂದ ಸಾಲು.

ಕೈ ಹಾಕಲಿಕ್ಕೆ ಹೋದೆ. ‘ತಡಿ’ ಅಂದ.
‘ಒದ್ದಿ ನೂಲಿನ ಬಣ್ಣ ನಂಬಬ್ಯಾಡ.
ಹಂಡೇದಿಂದ ತಗದಾಗ ಎಲ್ಲಾ ಕೆಂಪೂ ಚೆಲುವಿನ.
ಆರಿದ ಮ್ಯಾಲ ಯಾವುದು ಉಳೀತದೋ ಅದ ಬಣ್ಣ.’
ಚಾ ತರಿಸಿದ್ವಿ. ಕರೆಂಟು ಹೋತು, ಬಂತು.
ಫ್ಯಾನಿನ ಕೆಳಗ ಹಾಳಿ ಹಾರದಂಗ
ನಾಲ್ಕೂ ಮೂಲಿಗೆ ನಾಲ್ಕು ಸ್ಟೇಪ್ಲರ್ ಪಿನ್ನಿನ ಡಬ್ಬಿ.

ಆಮ್ಯಾಲ ತುಂಡನ್ನ ಹಾಳಿ ಮ್ಯಾಲ ಇಟ್ಟ.
ಕನ್ನಡಕ ಹಣಿಗೇರಿಸಿದ, ಇಳಿಸಿದ, ಬಾಗಲಿಗೆ ಒಯ್ದ.
‘ಒಂದಾಣೆ ಕಡಿಮಿ.’
ಮತ್ತ ಪರದೆ ಕಡೆ ತಿರುಗಿದೆ. ಭುಜಾ ಹಿಡದ.
‘ಇರಲಿ ಬಿಡು.
ಹದಿನಾರಾಣೆ ಬಂದ್ರ ಸಾಹುಕಾರ ಹಾಳೀನ ನೋಡಕೋತ ಕೂಡ್ರತಾನ,
ಸೀರಿ ಯಾವಾಗ ಕೇಳ್ಯಾನು?’

ಆರು ಪ್ರತಿಗೆ ರೊಕ್ಕ ಎಣಿಸಿ ಹೋದ.
ಹಾಳಾದ ಹಾಳಿಗೆ ಯಾರೂ ಕೊಡಂಗಿಲ್ಲ.
ಇಟ್ಟಂಗಿ ಕೆಂಪಿನ ಬೆನ್ನಿಗೆ ಈಗ ಬರದೇನಿ:
ಗುಲಾಬಿ ಮಸಿ ಒಂದು ಬಾಟಲಿ,
ಹೊಳಪು ಹಾಳಿ ಒಂದು ಕಟ್ಟು,
ಮೈ ನೋಡಿ ತರೂದು.